ಎಣ್ಣೆಯಿಲ್ಲದ ನೀರುಳ್ಳಿ ರಿಂಗು

ಪವಾಯಿಯಲ್ಲಿ ನಾನು ಅಡುಗೆ ಮಾಡುವ ಮನೆಗೆ ಅಂದು ಒಡತಿಯ ಅತ್ತೆ ಮೊದಲ ಸಲ ಬರುವವರಿದ್ದರು. ನೀರುಳ್ಳಿ ರಿಂಗು ಮಾಡಿ ಅವರನ್ನು ಮೆಚ್ಚಿಸಲೇಬೇಕೆಂದು ಒಡತಿ ಹುಡುಗಿಯ ಹಟ.

"ಕಡಾಯಿ ಬೇಡ ಆಂಟಿ. ಮಷೀನ್ ಇದೆ ನಾ, ಗಾಳಿಯಲ್ಲೇ ಕರೀತದೆ."

"ನೀರಾಗಿ ಕಲಸಿದ ಹಿಟ್ಟು ಗಾಳಿಗೆ ನಿಲ್ಲುವುದಿಲ್ಲ ಮಗಾ."

"ವಿಡಿಯೋದಲ್ಲಿ ನಿಂತಿದೆ!"

ಹತ್ತು ನಿಮಿಷಕ್ಕೆ ಮಷೀನ್ ತೆರೆದರೆ ಹಿಟ್ಟೆಲ್ಲ ಜಾಲರಿಯಿಂದ ಸೋರಿ ತಳಕ್ಕಂಟಿತ್ತು, ನೀರುಳ್ಳಿ ಬತ್ತಲೆ. ಅಷ್ಟರಲ್ಲಿ ಬೆಲ್ ಆಯಿತು. ಅವಳ ಕಣ್ಣಲ್ಲಿ ನೀರು. ನಾನೇ ಕಡಲೆಹಿಟ್ಟಿಗೆ ನಮ್ಮೂರ ಪದ್ಧತಿಯಂತೆ ಅಕ್ಕಿಹಿಟ್ಟು ಬೆರೆಸಿ, ಕಾದ ಎಣ್ಣೆಯಲ್ಲಿ ಕರಿದು ಕೊಟ್ಟೆ.

"ಎಷ್ಟು ಗರಿಗರಿ!" ಎಂದರು ಅತ್ತೆ.

"ಒಂದು ಹನಿ ಎಣ್ಣೆಯಿಲ್ಲ ಮಮ್ಮಿ, ಎಲ್ಲ ಮಷೀನಿನದೇ," ಎಂದಳು ಮಹಾತಾಯಿ, ನನ್ನ ಎದುರಿಗೇ.

ಅತ್ತೆ ಅಲ್ಲೇ ಕೂತು ಫೋನಿನಲ್ಲಿ ತಮಗೂ ಒಂದು ಮಷೀನ್ ಆರ್ಡರ್ ಮಾಡಿದರು. ಬೊರಿವಲಿಯಲ್ಲಿ ಅವರ ಮನೆಯ ಪಾತ್ರೆ ತಿಕ್ಕುವವಳು ಯಾರೋ, ಪಾಪ.