ಹಾರಿಸಿ ಓದಿದ ಕಾಲು ಪುಟ

ಪಕ್ಕದ ಮನೆ ಅಕ್ಕನ ಮಗ ಯುದ್ಧದಿಂದ ಜೀವಂತವಾಗಿ ಬಂದ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಓದುವವರು ಕೊನೆಯ ತನಕ ಎದೆ ಹಿಡಿದುಕೊಂಡು ಕೂರುವುದು ಬೇಡ. ಅವನು ಸರ್ವೀಸು ಮುಗಿಸಿ ಈಗ ಕುಣಿಗಲ್ಲಿನಲ್ಲಿ ತಾಯಿಯನ್ನು ಜೊತೆಗಿಟ್ಟುಕೊಂಡು ಇದ್ದಾನೆ. ನಾನು ಬರೆಯಲು ಹೊರಟಿರುವುದು ನಾನು ಮಾಡಿದ ಒಂದು ಕೆಲಸದ ಬಗ್ಗೆ.

ನನ್ನ ತವರು ಗುಬ್ಬಿ. ಶ್ರಾವಣ ಬಂತೆಂದರೆ ನಮ್ಮಜ್ಜಿ ಸಂಜೆ ಹೊತ್ತು ಮನೆಯಲ್ಲಿ ಪುರಾಣ ಓದಿಸುತ್ತಿದ್ದರು. ನಾನು ಏಳನೇ ಕ್ಲಾಸಿಗೆ ಬಂದ ಮೇಲೆ ಓದುವ ಕೆಲಸ ನನಗೆ ಬಂತು. ಅಜ್ಜಿ ಹೇಳಿಕೊಟ್ಟಿದ್ದು ಎರಡೇ ಕಟ್ಟಳೆ. ಸಾವು ಬರುವ ಕಡೆ ಪುಸ್ತಕ ಮುಚ್ಚಬಾರದು, ಮುಂದೆ ಏನಾದರೂ ಒಳ್ಳೆಯದು ಬರುವ ತನಕ ಓದಿ ಆಮೇಲೆ ಮಂಗಳಾರತಿ. ಇನ್ನೊಂದು, ಕೇಳುವವರಲ್ಲಿ ಬಸುರಿಯೋ, ಮಗನನ್ನು ದೂರ ಕಳಿಸಿದ ತಾಯಿಯೋ ಇದ್ದರೆ ಆ ಭಾಗವನ್ನೇ ಹಾರಿಸಿ ಮುಂದಕ್ಕೆ ಹೋಗಬೇಕು. ಕಣ್ಣು ಒಂದು ಸಾಲಿನಲ್ಲಿದ್ದರೂ ಬಾಯಿ ಮುಂದಿನ ಪುಟಕ್ಕೆ ಹೋಗಿರುತ್ತಿತ್ತು. ಕೇಳುವವರಿಗೆ ಒಂದು ಉಸಿರಿನಷ್ಟೂ ವ್ಯತ್ಯಾಸ ತಿಳಿಯದಂತೆ ಹಾರಿಸುತ್ತೇನೆಂದು ಅಜ್ಜಿ ನನ್ನನ್ನು ಹೊಗಳುತ್ತಿದ್ದರು.

ಮದುವೆಯಾಗಿ ತುಮಕೂರಿಗೆ ಬಂದು ಮರಳೂರಿನಲ್ಲಿ ಮನೆ ಮಾಡಿದೆವು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ನಮ್ಮ ಮನೆ ಮುಂದಿನ ಕಟ್ಟೆಯ ಮೇಲೆ ಮೂರು ಜನ ಕೂತು ದೇವಸ್ಥಾನಕ್ಕೆ ಹೂಬತ್ತಿ ಮಾಡುತ್ತಿದ್ದೆವು. ನಾನು, ಎದುರು ಮನೆಯ ಮೇಷ್ಟ್ರ ಹೆಂಡತಿ, ಮತ್ತೆ ಪಕ್ಕದ ಮನೆ ಅಕ್ಕ. ಅಕ್ಕ ಕುಣಿಗಲ್ ಕಡೆಯವರು, ಗಂಡ ತೀರಿಕೊಂಡ ಮೇಲೆ ಎರಡು ಹಸು ಕಟ್ಟಿಕೊಂಡು ಬೀದಿಗೆ ಹಾಲು ಹಾಕುತ್ತಿದ್ದರು. ಒಬ್ಬನೇ ಮಗ ಮಿಲಿಟರಿಗೆ ಸೇರಿ ನಾಲ್ಕು ವರ್ಷವಾಗಿತ್ತು. ಅಕ್ಕನಿಗೆ ಓದು ಬರುತ್ತಿರಲಿಲ್ಲ. ಮಗನ ಕಾಗದವನ್ನು ನಾನೇ ಓದಿ ಹೇಳುತ್ತಿದ್ದೆ, ಉತ್ತರವನ್ನೂ ನಾನೇ ಬರೆಯುತ್ತಿದ್ದೆ.

ಆ ವರ್ಷ ಬೇಸಿಗೆಯಲ್ಲಿ ಉತ್ತರದ ಗಡಿಯ ಹಿಮದ ಬೆಟ್ಟಗಳ ಮೇಲೆ ಯುದ್ಧವಾಯಿತು. ಮಗನ ಕಾಗದದಲ್ಲಿ ಎರಡೇ ಸಾಲು: ಮೇಲೆ ಇದೀನಿ, ಚಳಿ ಇದೆ, ಚೆನ್ನಾಗಿದೀನಿ. ಮಳೆಗಾಲ ಹಿಡಿಯುವ ಹೊತ್ತಿಗೆ ಯುದ್ಧ ಮುಗಿಯಿತು. ಆಗ ನಮ್ಮ ಯಜಮಾನರು ಆಫೀಸಿನಿಂದ ತರುತ್ತಿದ್ದ ವಾರಪತ್ರಿಕೆಯಲ್ಲಿ ಒಂದು ಲೇಖನಮಾಲೆ ಶುರುವಾಯಿತು. ಸೈನಿಕರ ಜೊತೆ ಆ ಬೆಟ್ಟಗಳಿಗೆ ಹತ್ತಿ ಬಂದ ವರದಿಗಾರನೊಬ್ಬ ಕಂಡದ್ದನ್ನು ಕಂಡ ಹಾಗೆ ಬರೆದಿದ್ದ.

"ಓದವ್ವ, ನನ್ ಮಗ ಎಂತಾ ಜಾಗದಲ್ಲಿದ್ದ ಅಂತ ನಂಗೊಂಚೂರು ತಿಳೀಲಿ" ಅಂದರು ಅಕ್ಕ.

ಓದಿದೆ. ಬೀದಿಯಲ್ಲಿ ಎಲ್ಲರೂ ಅದನ್ನೇ ಮಾತಾಡುತ್ತಿದ್ದರು. ಅಂಗಡಿಯವನಿಗೆ ಎಷ್ಟು ಶಿಖರ ಗೆದ್ದೆವು ಎನ್ನುವುದು ಬೇಕಿತ್ತು. ಮೇಷ್ಟ್ರ ಹೆಂಡತಿಗೆ ಗುಂಡು ಹಾರುವ ಜಾಗ ಬಂದರೆ ಹತ್ತಿ ಹೊಸೆಯುವ ಕೈ ನಿಂತುಬಿಡುತ್ತಿತ್ತು, ಒಳ್ಳೇ ಸಿನಿಮಾ ನೋಡಿದ ಹಾಗಾಗುತ್ತೆ ಅನ್ನುತ್ತಿದ್ದರು. ಅಕ್ಕ ಕೇಳುತ್ತಿದ್ದುದು ಬೇರೆ. ಅಲ್ಲಿ ನೀರು ಎಲ್ಲಿಂದ ತರುತ್ತಾರೆ, ಕಾಲಿಗೆ ಏನು ಹಾಕುತ್ತಾರೆ, ಜ್ವರ ಬಂದರೆ ಹಣೆ ಮುಟ್ಟಿ ನೋಡುವವರು ಯಾರು. ಬರೆದಿದ್ದರೆ ಹೇಳುತ್ತಿದ್ದೆ, ಬರೆದಿರದಿದ್ದರೆ ಬರೆದಿಲ್ಲ ಅನ್ನುತ್ತಿದ್ದೆ.

ಮೂರನೇ ವಾರ ಆ ಭಾಗ ಬಂತು. ಪುಟದ ಕಾಲು ಭಾಗವಷ್ಟೇ. ನಾಲ್ಕು ಜನ ಸೈನಿಕರು ಹಿಮದೊಳಗಿನ ಒಂದು ಗೂಡಿನಲ್ಲಿ ಸಿಕ್ಕಿಕೊಂಡಿದ್ದರು. ಒಬ್ಬ ಸತ್ತಿದ್ದ. ಹವಾ ಕೆಟ್ಟಿದ್ದರಿಂದ ಹೆಣವನ್ನು ಕೆಳಗೆ ಸಾಗಿಸಲು ಎರಡು ದಿನ ಆಗಲಿಲ್ಲ. ಮಲಗಿದವನ ಪಕ್ಕದಲ್ಲೇ ಸೀಮೆಎಣ್ಣೆ ಸ್ಟೋವ್ ಉರಿಯುತ್ತಿತ್ತು, ಅದರ ಹೊಗೆಗೆ ಎಲ್ಲರ ಮುಖ ಕಪ್ಪು, ಉಗುಳೂ ಕಪ್ಪು. ಅದೇ ಸ್ಟೋವಿನಲ್ಲಿ ಅನ್ನ ಮಾಡಿದರು. ಬಡಿಸುವ ಹುಡುಗ ಅಭ್ಯಾಸಬಲದಿಂದ ನಾಲ್ಕು ತಟ್ಟೆಗೂ ಬಡಿಸಿಬಿಟ್ಟ. ನಾಲ್ಕನೇ ತಟ್ಟೆಯನ್ನು ಯಾರೂ ತೆಗೆಯಲಿಲ್ಲ.

ನನ್ನ ಕಣ್ಣು ಅಲ್ಲಿತ್ತು. ಬಾಯಿ ಮುಂದಿನ ಪುಟಕ್ಕೆ ಹೋಗಿತ್ತು. ಅಲ್ಲಿ ಹೆಲಿಕಾಪ್ಟರ್ ಬಂದು ಬ್ರೆಡ್ಡು, ಬಿಸ್ಕತ್ತು, ಮನೆಯವರ ಕಾಗದಗಳನ್ನು ಇಳಿಸುವುದಿತ್ತು. ಕಾಗದದ ಮಾತು ಕೇಳಿ ಅಕ್ಕ ಕಣ್ಣೊರೆಸಿಕೊಂಡರು.

ನನಗೊಂದು ಅಭ್ಯಾಸವಿದೆ. ಮುಸ್ಸಂಜೆ ದೀಪ ಹಚ್ಚಿ, ವಿಭೂತಿ ಇಟ್ಟುಕೊಂಡು, ಆ ದಿನ ಶಿವ ಏನೇನು ಕೊಟ್ಟ ಎಂದು ಬೆರಳು ಮಡಚಿ ಎಣಿಸುತ್ತೇನೆ. ನಲ್ಲಿಯಲ್ಲಿ ಎರಡು ಬಿಂದಿಗೆ ಹೆಚ್ಚು ನೀರು ಬಂತು. ಮಗಳ ಕೆಮ್ಮು ಕಡಿಮೆಯಾಯಿತು. ಆ ಸಂಜೆ ಮೂರನೇ ಬೆರಳು ಮಡಚಿ, ಆ ಕಾಲು ಪುಟ ಅಕ್ಕನ ಕಿವಿಗೆ ಬೀಳಲಿಲ್ಲ ಅಂದುಕೊಂಡೆ. ಪುಣ್ಯದ ಕೆಲಸ ಮಾಡಿದೆ ಎಂದೇ ನಂಬಿದ್ದೆ.

ಮಾರನೆಯ ದಿನ ಆ ವರದಿಗಾರನ ಮೇಲೆ ಸಿಟ್ಟು ಬಂತು. ಇಂಥದ್ದನ್ನೆಲ್ಲ ಯಾಕೆ ಬರೆಯಬೇಕು? ಪತ್ರಿಕೆಗೆ ಒಂದು ಕಾರ್ಡು ಬರೆದೆ, ಹೆಸರು ಹಾಕಬೇಡಿ ಅಂದೆ. ಯಜಮಾನರು ಅದನ್ನು ಡಬ್ಬಿಗೆ ಹಾಕಿ ಬಂದರು. ಇಬ್ಬರೂ ಮರೆತೆವು.

ಶ್ರಾವಣದಲ್ಲಿ ಮಗ ರಜೆಗೆ ಬಂದ. ತೆಳ್ಳಗಾಗಿದ್ದ, ಕೆನ್ನೆ ಸುಟ್ಟ ಹಾಗಿತ್ತು. ಬಂದ ಮೂರನೆಯ ಬೆಳಿಗ್ಗೆ ಅಕ್ಕನ ಬದಲು ಅವನೇ ನಮ್ಮ ಮನೆಗೆ ಹಾಲು ತಂದ. ನನ್ನ ಸ್ಟೋವ್ ಕಟ್ಟಿಕೊಂಡಿತ್ತು. ಪಿನ್ನು ಹಾಕಿ, ಪಂಪು ಹೊಡೆದು ಹಚ್ಚಿದೆ, ಭಗ್ಗೆಂದು ಎದ್ದು ಸೀಮೆಎಣ್ಣೆ ಹೊಗೆ ಬಾಗಿಲಿಗೆ ಹೊಡೆಯಿತು. ಕ್ಯಾನು ಹೊಸಿಲ ಮೇಲೆ ಇಟ್ಟವನು ತಿರುಗಿ ಹೋದ. ನಾನು ಕಿಟಕಿಯಿಂದ ನೋಡಿದೆ. ರಸ್ತೆಯಾಚೆ ಹೊಂಗೆಮರದ ಬೊಡ್ಡೆಗೆ ಎರಡು ಕೈ ಕೊಟ್ಟು, ತಲೆ ತಗ್ಗಿಸಿ ನಿಂತಿದ್ದ. ಹಾಲು ಕಾಯುವಷ್ಟು ಹೊತ್ತು ಹಾಗೇ ನಿಂತಿದ್ದ.

ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಅವರ ಮನೆಯಲ್ಲೂ ಸೀಮೆಎಣ್ಣೆ ಸ್ಟೋವೇ. ಅಕ್ಕ ಅಡುಗೆಗೆ ಕೂತರೆ ಮಗ ಬೀದಿಗೆ ಹೋಗುತ್ತಿದ್ದ, ಉಣ್ಣುವುದಕ್ಕೆ ಜಗಲಿಗೆ ಬರುತ್ತಿದ್ದ, ಎರಡು ತುತ್ತಿಗೆ ಕೈ ತೊಳೆಯುತ್ತಿದ್ದ. ಒಂದು ಮಧ್ಯಾಹ್ನ ಗೋಡೆಯಾಚೆ ಅಕ್ಕನ ದನಿ ಏರಿದ್ದು ಕೇಳಿಸಿತು. "ಅವ್ವನ್ ಕೈ ಅನ್ನ ಈಗ ನಾತ ಹೊಡೀತದೇನ್ಲಾ ನಿಂಗೆ? ಸಾಹೇಬ ಆಗ್ಬುಟ್ಟೆ ಬುಡು." ತಟ್ಟೆ ನೆಲಕ್ಕೆ ಇಟ್ಟ ಶಬ್ದವಾಯಿತು. ಗೌರಿಹಬ್ಬಕ್ಕೆ ಇರುತ್ತೇನೆಂದು ಬಂದವನು ಐದು ದಿನ ರಜೆ ಉಳಿದಿದ್ದರೂ ಹೊರಟುಹೋದ.

ಕಟ್ಟೆಯ ಮೇಲೆ ಅಕ್ಕ ಅದನ್ನು ನಗುತ್ತಲೇ ಹೇಳಿದರು. ಮಿಲಿಟರಿ ಊಟಕ್ಕೆ ನಾಲಿಗೆ ದೊಡ್ಡದಾಗಿದೆ, ಇನ್ನು ನಮ್ಮಂಥೋರ ಮನೆ ಅವನಿಗೆ ಸಾಕಾಗಲ್ಲ ಅಂದರು. ಮೇಷ್ಟ್ರ ಹೆಂಡತಿ, ಗಂಡುಮಕ್ಕಳೇ ಹಂಗೆ ಅಂದರು. ಬತ್ತಿಯ ಬುಟ್ಟಿ ನನ್ನ ತೊಡೆಯ ಮೇಲಿತ್ತು. ಹೇಳಬಹುದಿತ್ತು. ಹೇಳಬೇಕೆಂದರೆ ಮೊದಲು ನಾನು ಹಾರಿಸಿದ್ದನ್ನು ಹೇಳಬೇಕಿತ್ತು. ಬತ್ತಿ ಹೊಸೆದೆ.

ಲೇಖನಮಾಲೆ ಮುಗಿದ ಮೇಲೆ ಪತ್ರಿಕೆಯವರು ಓದುಗರ ಕಾಗದಗಳಿಗೆಂದೇ ಎರಡು ಪುಟ ಕೊಟ್ಟರು. ಗಣೇಶನನ್ನು ಬಿಟ್ಟು ಎರಡು ದಿನವಾಗಿತ್ತು. ಯಜಮಾನರು ಆಫೀಸಿನಿಂದ ಬೇಗ ಬಂದವರು ಮನೆಯೊಳಕ್ಕೂ ಹೋಗದೆ, ಕಟ್ಟೆಯ ಹತ್ತಿರವೇ ನಿಂತು ಪತ್ರಿಕೆ ಬಿಚ್ಚಿದರು. ನಮ್ಮನೆಯವಳ ಕಾಗದ ಪ್ರಿಂಟಾಗಿದೆ, ಕೇಳಿ ಅಂದರು. ಅವರಿಗೆ ಹೆಮ್ಮೆ. ನಾನು ಏಳುವುದರೊಳಗೆ ಓದಲು ಶುರು ಮಾಡಿದ್ದರು. ಒಬ್ಬ ನಿವೃತ್ತ ಸೈನಿಕರು, ಕಡೆಗೂ ಯಾರೋ ನಿಜ ಬರೆದರು ಎಂದಿದ್ದರಂತೆ. ಒಬ್ಬರು ಲೆಕ್ಚರರು, ಇಂಥ ಬರಹದಿಂದ ಸೈನ್ಯಕ್ಕೆ ಸೇರುವವರ ಧೈರ್ಯ ಕುಗ್ಗುತ್ತದೆ ಎಂದಿದ್ದರು. ಆಮೇಲೆ ನನ್ನದು: "ಹೆಣದ ಪಕ್ಕ ಸ್ಟೋವ್ ಹಚ್ಚಿ ಅನ್ನ ಮಾಡಿದ್ದನ್ನು, ಸತ್ತವನ ತಟ್ಟೆಗೂ ಬಡಿಸಿದ್ದನ್ನು ಬರೆಯುವ ಅಗತ್ಯವೇನಿತ್ತು? ನಾನು ಓದಿ ಹೇಳುವಾಗ ನಮ್ಮ ಪಕ್ಕದ ಮನೆಯ ಸೈನಿಕನ ತಾಯಿ ಕೂತಿದ್ದರು. ಅವರಿಗೆ ತಿಳಿಯದಂತೆ ಆ ಭಾಗ ಬಿಟ್ಟೆ. ಒಬ್ಬ ಗೃಹಿಣಿ, ತುಮಕೂರು."

ಯಜಮಾನರು ಪತ್ರಿಕೆ ಇಳಿಸಿ ನಮ್ಮನ್ನು ನೋಡಿದರು. ಅವರಿಗೆ ಆಗ ಹೊಳೆದಿರಬೇಕು. ಕಾಲು ತೊಳೆದುಕೊಂಡು ಬರ್ತೀನಿ ಎಂದು ಒಳಗೆ ಹೋದರು. ಮೇಷ್ಟ್ರ ಹೆಂಡತಿ ಒಲೆಯ ಮೇಲೆ ಬೇಳೆ ಇಟ್ಟು ಬಂದಿದ್ದನ್ನು ನೆನಪು ಮಾಡಿಕೊಂಡರು.

ಅಕ್ಕ ಕೂತೇ ಇದ್ದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

"ಅದನ್ನ ಓದು" ಅಂದರು.

ಒಳಗೆ ಹೋಗಿ ಹಳೆಯ ಸಂಚಿಕೆ ಹುಡುಕಿ ತಂದೆ. ಓದಿದೆ. ನನ್ನ ಬಾಯಿ ಆವತ್ತು ಎಲ್ಲಿಯೂ ಹಾರಲಿಲ್ಲ, ಒಂದೊಂದು ಅಕ್ಷರಕ್ಕೂ ತಡವರಿಸಿತು. ನಾಲ್ಕನೇ ತಟ್ಟೆಯ ಹತ್ತಿರ ಬಂದಾಗ ಅವರು ಕೈ ಎತ್ತಿದರು. ಅಲ್ಲೇ ನಿಲ್ಲಿಸಿದೆ.

"ಸೀಮೆಎಣ್ಣೆ ಅಂತ ಬರ್ದವ್ರಾ?"

ಹೂಂ ಅಂದೆ.

"ಅವ್ನು ಉಣ್ಣೋಕೆ ಕೂತಾಗೆಲ್ಲ ನಾನು ಒಳಗೆ ಸ್ಟೋವ್ ಹೊಡೀತಾ ಇದ್ದೆ ಕಣವ್ವ. ಬಿಸಿಬಿಸಿ ಉಣ್ಲಿ ಅಂತ."

ಆಮೇಲೆ ನನ್ನ ಮುಖ ನೋಡಿದರು. ಅವನು ಬಂದಾಗ ನಿಂಗೆ ಇದು ಗೊತ್ತಿತ್ತಲ್ಲವಾ ಎಂದು ಕೇಳಿದರು. ಹೊಂಗೆಮರದ ವಿಷಯ ಹೇಳಿದೆ. ಅವರು ಸೆರಗಿನ ಮೇಲಿದ್ದ ಹತ್ತಿಯ ಎಳೆಗಳನ್ನು ಒಂದೊಂದಾಗಿ ತೆಗೆದು ಬುಟ್ಟಿಗೆ ಹಾಕಿ, ಎದ್ದು ಹೋದರು.

ಆಮೇಲಿನ ದಿನಗಳಲ್ಲಿ ಹಾಲು ಎಂದಿನಂತೆ ಬಂತು. ಅಕ್ಕ ಕಟ್ಟೆಗೆ ಬರಲಿಲ್ಲ. ನಾನು ಸ್ಟೋವ್ ಹಚ್ಚಿದಾಗೆಲ್ಲ ಆ ಸಾಲುಗಳು ಬರುತ್ತಿದ್ದವು. ಗಟ್ಟಿಯಾಗಿ ಓದಿದ್ದು ಒಂದೇ ಸಲ, ಆದರೆ ಒಳಗೆ ನನ್ನದೇ ದನಿಯಲ್ಲಿ ಅವು ನಿಲ್ಲದೆ ಕೇಳಿಸುತ್ತಿದ್ದವು. ಮನೆಯಲ್ಲಿ ನಾವು ಮೂರೇ ಜನ. ಬಡಿಸುವಾಗ ತಟ್ಟೆ ಎಣಿಸಿಯೇ ಬಡಿಸುತ್ತಿದ್ದೆ. ಈಗಲೂ ಎಣಿಸುತ್ತೇನೆ.

ಒಂದು ವಾರ ಬಿಟ್ಟು ಅಕ್ಕ ಇನ್‌ಲ್ಯಾಂಡ್ ಕಾಗದ ಹಿಡಿದುಕೊಂಡು ಬಂದರು. ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆದೆ. "ತಟ್ಟೆ ಮುಂದಿನಿಂದ ಎದ್ದಿದ್ದಕ್ಕೆ ನಿನಗೆ ಬೈದೆ, ನನಗೆ ತಿಳಿದಿರಲಿಲ್ಲ, ಈಗ ತಿಳಿದಿದೆ. ನೀನು ಏನೂ ಹೇಳಬೇಕಾಗಿಲ್ಲ. ಪಕ್ಷದ ಅಮಾವಾಸ್ಯೆ ಬರ್ತಾ ಇದೆ. ನಿನ್ನ ಜೊತೆಯವರು ಯಾರಾದರೂ ಹೋಗಿದ್ದರೆ ಅವರಿಗೆ ಏನು ಇಷ್ಟ ಇತ್ತು ಬರಿ, ಎಡೆ ಇಡ್ತೀನಿ." ಸತ್ತವರಿಗೆ ಅವರಿಷ್ಟದ ಅಡುಗೆ ಮಾಡಿ ಎಲೆಯಲ್ಲಿ ಬಡಿಸುವುದು ಅವರ ಮನೆಯಲ್ಲಿ ತಪ್ಪದ ರೂಢಿ. ನಮ್ಮಲ್ಲಿ ಅಷ್ಟಿಲ್ಲ.

ಅಂಟಿಸಲು ಹೋದಾಗ, ಬೇಡ ಹಾಗೇ ಕೊಡು ಅಂದರು. ಕಾಗದ ಹಿಡಿದು ಹಿಂದಿನ ಬೀದಿಯಲ್ಲಿದ್ದ ಕಾಲೇಜು ಹುಡುಗಿಯ ಮನೆ ಕಡೆ ಹೋದರು. ನಾನು ಬರೆದದ್ದನ್ನು ಇನ್ನೊಬ್ಬರಿಂದ ಓದಿಸಿ ನೋಡಲಿಕ್ಕೆ. ತಪ್ಪು ಅನ್ನಲಾರೆ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.

ಅಮಾವಾಸ್ಯೆಗೆ ಮೂರು ದಿನವಿರುವಾಗ ಉತ್ತರ ಬಂತು. ಅದೂ ಆ ಹುಡುಗಿಯ ಮನೆಗೇ ಹೋಯಿತು. ನನ್ನನ್ನು ಯಾರೂ ಕರೆಯಲಿಲ್ಲ. ಆ ಸಂಜೆ ಬೆರಳು ಮಡಚಲು ಕೂತೆ, ಉತ್ತರ ಬಂತಲ್ಲ ಎನ್ನುವುದೊಂದೇ ಸಿಕ್ಕಿತು. ಅದನ್ನೇ ಎಣಿಸಿ ಎದ್ದೆ.

ಮಾರನೆಯ ಬೆಳಿಗ್ಗೆ ಅಕ್ಕ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಎರಡು ಹಾಳೆ. ಮೊದಲನೆಯದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡನೆಯದನ್ನು ಕೊಟ್ಟರು. ಇದನ್ನಷ್ಟೇ ಓದು, ಇದರಲ್ಲಿರೋ ಅಡುಗೆ ನಂಗೂ ತಿಳೀಲಿಲ್ಲ, ಆ ಮಗೀಗೂ ತಿಳೀಲಿಲ್ಲ ಅಂದರು.

ಮೂರು ಜನರದಿತ್ತು, ಹೆಸರಿನ ಮುಂದೆ ಇಷ್ಟದ ಅಡುಗೆ. ಮೊದಲನೆಯವನಿಗೆ ರಾಜ್ಮಾ ಅನ್ನ. ಎರಡನೆಯವನಿಗೆ ಸಾಸಿವೆ ಸೊಪ್ಪಿನ ಪಲ್ಯ, ಮುಸುಕಿನ ಜೋಳದ ರೊಟ್ಟಿ. ಮೂರನೆಯವನ ಹೆಸರಿನ ಮುಂದೆ ಹೀಗಿತ್ತು: ಇವನನ್ನು ಕೇಳಿರಲಿಲ್ಲ. ಟೀಗೆ ಸಕ್ಕರೆ ಜಾಸ್ತಿ ಹಾಕ್ಕೊಳ್ತಿದ್ದ.

"ಪೂರ್ತಿ ಓದಿದ್ಯಾ?"

"ಪೂರ್ತಿ ಓದಿದೆ ಅಕ್ಕ."

ರಾಜ್ಮಾ ಅಂದರೆ ಕೆಂಪಗೆ ದಪ್ಪ ಹುರುಳಿಕಾಯಿ ಬೀಜದಂಥ ಕಾಳು ಎಂದು ನನಗೆ ಗೊತ್ತಿತ್ತು. ಇಬ್ಬರೂ ಪೇಟೆಗೆ ಹೋಗಿ ನಾಲ್ಕು ಅಂಗಡಿ ಅಲೆದು ಅರ್ಧ ಕೆಜಿ ತಂದೆವು. ಸಾಸಿವೆ ಸೊಪ್ಪು ಎಲ್ಲೂ ಸಿಗಲಿಲ್ಲ, ಮೆಂತ್ಯದ ಸೊಪ್ಪಿನಲ್ಲಿ ಮಾಡಿದೆವು. ತಪ್ಪಾಯಿತು ಅಂತ ಅವನಿಗೆ ಬರೀಬೇಕು ಅಂದರು ಅಕ್ಕ. ದಾರಿಯಲ್ಲಿ ಸೊಂಟದಲ್ಲಿದ್ದ ಹಾಳೆಯನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅದರಲ್ಲಿ ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿಲ್ಲ.

ಅಮಾವಾಸ್ಯೆಯ ಮಧ್ಯಾಹ್ನ ಗಂಡನ ಎಡೆಯ ಪಕ್ಕದಲ್ಲಿ ಮೂರು ಎಲೆ ಹಾಕಿದರು. ಮೂರನೆಯದರಲ್ಲಿ ಅನ್ನವಿಲ್ಲ, ಒಂದು ಲೋಟ ಟೀ. ಅಕ್ಕ ಅದಕ್ಕೆ ಮೂರು ಚಮಚ ಸಕ್ಕರೆ ಹಾಕಿದ್ದರು. ಸ್ವಲ್ಪ ಯೋಚನೆ ಮಾಡಿ ಇನ್ನೊಂದು ಚಮಚ ಹಾಕಿ, ತಿರುಗಿಸಿದರು.