ತೊಗಟೆ ಸಮೇತ ಸುಟ್ಟ ತಂಗಡಿ

ಮಲೆಬೆನ್ನೂರಿನ ಹತ್ತಿರ ನಮ್ಮ ಹೊಲದ ಬದುವಿನುದ್ದಕ್ಕೂ ತಂಗಡಿ ಗಿಡಗಳಿದ್ದವು. ಯಾರೂ ನೆಟ್ಟಿದ್ದಲ್ಲ, ಯಾರೂ ನೀರು ಹೊಯ್ದಿದ್ದಲ್ಲ. ಮಳೆ ಕೈಕೊಟ್ಟ ವರ್ಷವೂ ಅರಿಶಿನ ಚೆಲ್ಲಿದ ಹಾಗೆ ಹೂ ಬಿಡುತ್ತಿದ್ದವು. ದೀಪಾವಳಿ ಪೂಜೆಗೆ ಅವ್ವನಿಗೆ ಹೂ ಬೇಕು, ಚಪ್ಪಲಿ ಹೊಲಿಯುವ ಮುದುಕನಿಗೆ ತೊಗಟೆ ಬೇಕು. ತೊಗಟೆ ಜಜ್ಜಿ ಹಾಕಿದ ನೀರಲ್ಲಿ ನೆನೆದರೇ ಚರ್ಮ ಹದಕ್ಕೆ ಬರೋದು. ಗಿಡ ಸಾಯಬಾರದು ಅಂತ ಒಂದೊಂದರಲ್ಲಿ ಎರಡೋ ಮೂರೋ ಕೊಂಬೆ ಮಾತ್ರ ಕಡಿಯುತ್ತಿದ್ದ. ಅದಕ್ಕೆ ಪ್ರತಿಯಾಗಿ ದೀಪಾವಳಿಗೆ ಅಪ್ಪನಿಗೊಂದು ಜೊತೆ ಚಪ್ಪಲಿ. ಉಳಿದವನ್ನು ಹರಿಹರದ ಸಂತೆಗೆ ಹೊತ್ತುಕೊಂಡು ಹೋಗುತ್ತಿದ್ದ.

ಕಾಲುವೆ ನೀರು ಬರ್ತೈತೆ ಅಂತ ಊರೆಲ್ಲಾ ಕುಣಿದ ವರ್ಷ ಅದು. ನಾನು ದಾವಣಗೆರೆಯಲ್ಲಿ ನಾಲ್ಕಕ್ಷರ ಕಲಿತು ಬಂದಿದ್ದೆ. ಹೊಲ ಹೋಗಿ ಗದ್ದೆ ಆಗಬೇಕು, ಬದು ಹಸನಾಗಬೇಕು ಅನ್ನೋ ಹುರುಪು.

"ಮುದುಕಗೆ ಒಂದು ಮಾತು ಹೇಳಿ ಕಡಿಸೋ," ಅಂದರು ಅಪ್ಪ.

"ನಮ್ಮ ಬದು, ನಮ್ಮ ಗಿಡ. ಅವನನ್ನೇನು ಕೇಳೋದು?" ಅಂದೆ.

ಥೂ, ಎಂಥಾ ಕೊಬ್ಬು ನನ್ನದು! ಬೇರು ಸಮೇತ ಕೀಳಿಸಿದೆ. ಒಟ್ಟಿ ಬೆಂಕಿ ಇಟ್ಟೆ. ಹಸಿ ಗಿಡ, ಎರಡು ದಿನ ಹೊಗೆಯಾಡಿತು.

ಮೂರನೇ ದಿನ ಮುದುಕ ಕುಡುಗೋಲು ಹಿಡಿದು ಬಂದ. ಸುಣ್ಣದ ನೀರಲ್ಲಿ ಕೂದಲು ತೆಗೆದ ಎರಡು ಚರ್ಮ ಅವನ ಮನೆ ಹಿಂದಿನ ಬಾನಿಯಲ್ಲಿ ತೊಗಟೆಗೆ ಕಾದಿದ್ದವು. ವರ್ಷದ ದುಡಿಮೆಯೆಲ್ಲಾ ಅವೇ. ಕುಡುಗೋಲಿನ ತುದಿಯಿಂದ ಬೂದಿ ಕೆದಕಿ ನೋಡಿದ. ಬೈಯಲಿಲ್ಲ.

"ಒಂದು ಮಾತು ಹೇಳಿದ್ರೆ ನಾನೇ ಕಡಿದು ಕೊಡ್ತಿದ್ನಲ್ರಿ ಸಣ್ಣ ಗೌಡ್ರೆ. ನಿಮ್ಮ ಬದೂನೂ ಹಸನಾಗ್ತಿತ್ತು, ನನ್ನ ತೊಗಟೇನೂ ಉಳೀತಿತ್ತು."

ನಂದಿಗುಡಿ ಕಡೆಯೆಲ್ಲಾ ಅಲೆದನಂತೆ. ಅಲ್ಲೂ ಬದುಗಳು ಬೋಳಾಗಿದ್ದವು. ಸಿಕ್ಕ ತೊಗಟೆ ಯಾತಕ್ಕೂ ಸಾಲಲಿಲ್ಲ. ಚರ್ಮ ಕೊಳೆತವು. ಕೇರಿಯ ನಾಯಿಗಳನ್ನು ಓಡಿಸುತ್ತಾ ಅವನೇ ಗುಂಡಿ ತೋಡಿ ಹೂತನಂತೆ. ಕೇಳಿಯೂ ನಾನು ಅವನ ಮನೆ ಕಡೆ ಕಾಲು ಹಾಕಲಿಲ್ಲ.

ಇನ್ನು ಅವನು ಈ ಕಡೆ ಬರೋದಿಲ್ಲ ಅಂದುಕೊಂಡಿದ್ದೆ. ದೀಪಾವಳಿ ದಿನ ಬಂದ. ಯಾವತ್ತಿನ ಹಾಗೆ ಅಂಗಳದಾಚೆಯೇ ನಿಂತ. ಕೈಯಲ್ಲಿ ಒಂದು ಜೊತೆ ಚಪ್ಪಲಿ.

"ಹೋದ ವರ್ಷ ಉಳಿದಿದ್ದ ತುಂಡು ಚರ್ಮ್ರಿ. ನಿಮ್ಮ ಗಿಡದ ತೊಗಟೇಲೇ ಹದ ಆಗಿದ್ದು. ದೊಡ್ಡ ಗೌಡ್ರಿಗೆ ಕೊಡ್ರಿ."

ಅಪ್ಪ ಒಳಗಿದ್ದರು. ಜಗಲಿ ಮೇಲೆ ನಾನೊಬ್ಬನೇ. ತಪ್ಪಾಯ್ತು ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು, ದೇವರಾಣೆ ಬಂದಿತ್ತು. ಬಾಯಿಂದ ಹೊರಟಿದ್ದು ಮಾತ್ರ ಪ್ರತಿ ವರ್ಷ ನಮ್ಮ ಮನೆಯವರು ಅವನಿಗೆ ಅನ್ನುತ್ತಿದ್ದದ್ದೇ:

"ಅಲ್ಲೇ ಇಡು."

ಇಟ್ಟು ಹೋದ.