ಹತ್ತು ನಿಮಿಷದ ತಲೆಸುತ್ತು

ಕ್ಯಾಲೆಂಡರಿನಲ್ಲಿ ಖಾಲಿ ಜಾಗ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಗ್ಯಾಸ್ ಸಿಲಿಂಡರ್ ಬದಲಿಸಿದ್ದು, ಹಸು ಗಬ್ಬವಾದದ್ದು, ರೇಷ್ಮೆಹುಳು ಜ್ವರಕ್ಕೆ ಕೂತದ್ದು, ಎಲ್ಲ ಬರೆದಿಡುತ್ತೇನೆ. ಪೊರೆ ಬಿಡಲು ಹುಳು ಮೇವು ನಿಲ್ಲಿಸುವುದಕ್ಕೆ ಜಂಗಮಕೋಟೆ ಕಡೆ ಜ್ವರ ಎನ್ನುತ್ತೇವೆ. ಹುಳುವಿನ ಜ್ವರಕ್ಕೆ ಮನೆಮಂದಿಯೆಲ್ಲ ಪಿಸುಮಾತು. ಮನುಷ್ಯರ ಜ್ವರಕ್ಕೆ ಒಂದು ಮಾತ್ರೆ.

ಕಳೆದ ವರ್ಷದ ಒಂದು ಮಂಗಳವಾರದ ಕೆಳಗೆ ನನ್ನದೇ ಅಕ್ಷರ: ‘ಇವರಿಗೆ ತಲೆಸುತ್ತು. ಹತ್ತು ನಿಮಿಷ. ಮಜ್ಜಿಗೆ ಕೊಟ್ಟೆ.’

ಅಂದು ಯಜಮಾನರ ಬಲಗೈಯಿಂದ ಸೊಪ್ಪಿನ ಹೊರೆ ಜಾರಿತು. ಬೈದೆ. ತಿರುಗಿ ಬೈಯಲು ಹೋದವರ ನಾಲಿಗೆ ತೊದಲಿತು. ಮಜ್ಜಿಗೆಗೆ ಧಾರಾಳವಾಗಿ ಉಪ್ಪು ಹಾಕಿ ಕುಡಿಸಿದೆ, ಅದೂ ಬಿ.ಪಿ. ಇರುವವರಿಗೆ! ಅಷ್ಟರಲ್ಲಿ ಕೈಯೂ ಬಂತು, ಮಾತೂ ಬಂತು.

“ಆಸ್ಪತ್ರೆಗೆ ಹೋಗಣ ಬನ್ನಿ,” ಅಂದೆ.

“ಹುಳ ನಾಲ್ಕನೇ ಜ್ವರದಿಂದ ಎದ್ದಾವೆ ಕಣೇ. ಸೊಪ್ಪು ನಿಮ್ಮಪ್ಪ ಬಂದು ಹಾಕ್ತಾನಾ? ಹಣ್ಣಾಗಿ ಗೂಡು ಕಟ್ಟಕ್ಕೆ ಬಿಟ್ಮೇಲೆ ಹೋಗಣ.”

ನನಗೂ ಸರಿಯೆನಿಸಿತು. ಒತ್ತಾಯ ಮಾಡಿದೆ, ಅವರು ಕೇಳಲಿಲ್ಲ ಎಂದುಕೊಳ್ಳುವ ಸಮಾಧಾನವೂ ನನಗಿಲ್ಲ.

ಹುಳು ಹಣ್ಣಾಗಲು ಇನ್ನೊಂದು ದಿನ ಇರುವಾಗ ಅವರೇ ಬಿದ್ದರು.

ಡಾಕ್ಟರಮ್ಮ ಕತ್ತಿಗೆ ಜೆಲ್ಲಿ ಸವರಿ ಸ್ಕ್ಯಾನ್ ಮಾಡಿದರು. ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳದಲ್ಲಿ, ಬೋರ್ ನೀರಿನ ಉಪ್ಪು ಡ್ರಿಪ್ ಪೈಪಿನಲ್ಲಿ ಕಟ್ಟುವ ಹಾಗೆ, ಕೊಬ್ಬು ಕಟ್ಟಿತ್ತಂತೆ. “ಹತ್ತು ನಿಮಿಷಕ್ಕೆ ಸರಿಹೋಯ್ತು ಅಂತ ಬಿಟ್ರಲ್ಲಮ್ಮ. ಕೈ, ಮಾತು, ಕಣ್ಣು, ಯಾವುದು ಹಂಗೆ ಹೋಗಿ ಬಂದ್ರೂ ಅದು ಲಕ್ವದ ಮುನ್ಸೂಚನೆ. ಅವತ್ತೇ ಬಂದಿದ್ರೆ ಇದನ್ನ ತಡೆಯಕ್ಕೆ ನೋಡಬಹುದಿತ್ತು.” ತಪ್ಪದೆ ಪೈಪು ತೊಳೆಯುವ ನಾನು ತಲೆ ತಗ್ಗಿಸಿದೆ. ಇನ್ನೊಮ್ಮೆ ಹೀಗಾಗದಿರಲೆಂದು ಆಪರೇಷನ್ ಮಾಡಿ ನಾಳ ಚೊಕ್ಕಟ ಮಾಡಿದರು. ಈಗ ಮಾತ್ರೆ ತಪ್ಪುವುದಿಲ್ಲ, ಬೀಡಿ ಬಿಟ್ಟಾಯಿತು, ಉಪ್ಪು ಚಿಟಿಕೆಯಷ್ಟೇ. ಮಾತು ಮುಕ್ಕಾಲು ಮರಳಿತು. ಬಲಗೈ ಮರಳಲಿಲ್ಲ.

ಮೊನ್ನೆ ಪಕ್ಕದ ಮನೆಯ ರತ್ನಮ್ಮ ಬಂದಳು. “ನಮ್ಮತ್ತೆಗೆ ಬೆಳಗ್ಗೆ ಐದು ನಿಮಿಷ ಒಂದು ಕಣ್ಣಿಗೆ ಪರದೆ ಬಿಟ್ಟಂಗಾಯ್ತಂತೆ ಅಕ್ಕ. ಈಗೇನೂ ಇಲ್ಲ, ನನ್ನ ಬೈಯೋವಷ್ಟು ಚೆನ್ನಾಗವ್ರೆ. ಹುಳ ಹಣ್ಣಾಗ್ಲಿ, ತೋರಿಸ್ತೀನಿ.”

ನಾನು ಬಾಯಿ ತೆರೆಯುವ ಮೊದಲೇ ಮಂಚದ ಮೇಲಿದ್ದ ಇವರು ಒಂದೊಂದೇ ಪದ ಹೆಕ್ಕಿದರು. “ಈಗ್ಲೇ... ಹೊರಡಮ್ಮ. ಸೊಪ್ಪು... ನಾವ್ ಹಾಕ್ತೀವಿ.”

ಅತ್ತೆ ಸೊಸೆ ಆಟೋ ಹತ್ತಿದರು. ಇವರು ಅವರ ಮನೆಯ ಹುಳುಗಳಿಗೆ ಎಡಗೈಯಲ್ಲಿ ಸೊಪ್ಪು ಹರಡಿದರು: ಒಂದು ಕಡೆ ರಾಶಿ, ಇನ್ನೊಂದು ಕಡೆ ಬರಿದು. ಹುಳುಗಳು ತಕರಾರು ಮಾಡದೆ ಸೊಪ್ಪಿದ್ದ ಕಡೆಗೇ ಹರಿದವು.

ಹುಳು ಯಾರ ಕೈಯಿಂದಲಾದರೂ ತಿನ್ನುತ್ತದೆ. ಇಷ್ಟು ಕಲಿಯಲು ನಮಗೆ ಒಂದು ಕೈ ಖರ್ಚಾಯಿತು.